ನೆತ್ತಿ ಮೇಲೊಂದು ಸ್ಪಾಟು: ಹವ್ಯಾಸಿ ತಂಡಕ್ಕೆ ಯಾವುದು ಸರಿ?

ತಂಡದಲ್ಲಿ ಲೈಟಿನ ಕೆಲಸ ಹಿಡಿದವರು ನಿರ್ದೇಶಕರ ಬಾಯಲ್ಲಿ ಪದೇ ಪದೇ ಕೇಳುವ ಮಾತೊಂದಿದೆ. "ಇಲ್ಲಿ ಮೇಲಿಂದ ಒಂದು ಸ್ಪಾಟ್ ಬಿಟ್ಬಿಡಪ್ಪ, ಸಾಕು." ಅವರ ಕಣ್ಣಲ್ಲಿ ಚಿತ್ರ ಆಗಲೇ ಸಿದ್ಧವಾಗಿರುತ್ತದೆ. ಸುತ್ತ ಕತ್ತಲು, ನಡುವೆ ದುಂಡನೆಯ ಬೆಳಕು, ಒಳಗೆ ಒಬ್ಬನೇ ನಟ. ನಾವು ಹೂಂ ಅಂದು ಏಣಿ ಹತ್ತುತ್ತೇವೆ. ಹತ್ತಿದ ಮೇಲೆ ಹೊಳೆಯುತ್ತದೆ, ಮೇಲಿಂದ ಅಂದರೆ ಎಲ್ಲಿಂದ, ಸ್ಪಾಟ್ ಅಂದರೆ ಯಾವ ದೀಪ ಅಂತ ಅವರೂ ಹೇಳಿಲ್ಲ, ನಾವೂ ಕೇಳಿಲ್ಲ.

ನಾನು ಹೀಗೆ ಮೊದಲ ಸಲ ಎಡವಿದ್ದು ಒಂದು ಐತಿಹಾಸಿಕ ನಾಟಕದಲ್ಲಿ. ಕೊನೆಯ ದೃಶ್ಯದಲ್ಲಿ ರಾಜ ಒಬ್ಬನೇ ನಿಂತು ಐದು ನಿಮಿಷ ಮಾತಾಡಬೇಕು. ಸರಿಯಾಗಿ ಅವನ ನೆತ್ತಿಯ ಮೇಲೆ ಒಂದು ಪಾರ್, ಅಂದರೆ ಡಬ್ಬಿಯಂಥ ಸ್ಟೇಜ್ ಲೈಟು, ಕಟ್ಟಿದೆ. ತಾಲೀಮಿನಲ್ಲಿ ಹುಡುಗ ಬರಿತಲೆಯಲ್ಲಿ ನಿಂತಿದ್ದ, ಪರವಾಗಿಲ್ಲ ಅನಿಸಿತ್ತು. ಪ್ರದರ್ಶನದ ದಿನ ತಲೆಗೆ ದೊಡ್ಡ ಜರಿಪೇಟ ಬಂತು. ಪೇಟ ಝಗಝಗ ಹೊಳೆಯಿತು. ಭುಜದ ಶಾಲು ಚೆನ್ನಾಗಿಯೇ ಕಂಡಿತು. ಮುಖ ಇರಬೇಕಾದ ಕಡೆ ಕಪ್ಪು ಗುಂಡಿ, ಅದರಿಂದ ಮೂಗಿನ ತುದಿ ಮಾತ್ರ ಆಚೆ. ನಾಟಕ ಮುಗಿದ ಮೇಲೆ ಹುಡುಗನ ತಾಯಿ ಬಂದು, "ಕೊನೇಲಿ ಮಾತಾಡಿದ್ದು ನಮ್ಮ ಮಗನೇ ತಾನೇ?" ಅಂತ ಕೇಳಿದರು.

ಅವತ್ತಿನಿಂದ ನಾನು ಪ್ರಶ್ನೆಗಳ ಸರದಿ ಬದಲಾಯಿಸಿದ್ದೇನೆ. ಮೊದಲು ಎಲ್ಲಿಂದ ಬೀಳಬೇಕು, ಆಮೇಲೆ ಯಾವ ದೀಪ. ಬಾಡಿಗೆಗೆ ಲೈಟು ಕೊಡುವವರು ಶುರು ಮಾಡುವುದೇ ಎರಡನೆಯದರಿಂದ. ಎಷ್ಟು ಪಾರ್ ಬೇಕು ಸಾರ್, ಎಷ್ಟು ಎಲ್‌ಇಡಿ ಬೇಕು ಸಾರ್ ಅಂತ. ಅಲ್ಲಿ ಸ್ವಲ್ಪ ತಡೆಯಿರಿ.

ನೇರ ಮೇಲಿಂದಲೋ, ಬೆನ್ನ ಹಿಂದಿನಿಂದಲೋ, ಮುಂದಿನಿಂದಲೋ

ನೇರ ಮೇಲಿನ ಬೆಳಕು ಅಂದರೆ ಮಟಮಟ ಮಧ್ಯಾಹ್ನದ ಬಿಸಿಲು. ಹಣೆ, ಮೂಗು, ಭುಜ ಬೆಳಗುತ್ತವೆ. ಕಣ್ಣು, ಬಾಯಿ, ಕತ್ತು ನೆರಳಿಗೆ ಹೋಗುತ್ತವೆ. ಆದರೆ ಇದಕ್ಕೊಂದು ದೊಡ್ಡ ಗುಣವಿದೆ. ನಟನ ನೆರಳು ಅವನ ಕಾಲಬುಡದಲ್ಲೇ ಬೀಳುತ್ತದೆ, ಹಿಂದಿನ ಪರದೆಗೆ ಹೋಗುವುದಿಲ್ಲ. ಬೆಳಕೂ ಅಷ್ಟೇ, ಅಕ್ಕಪಕ್ಕ ಚೆಲ್ಲುವುದಿಲ್ಲ. ಒಬ್ಬನನ್ನು ಉಳಿದವರಿಂದ ಕತ್ತರಿಸಿ ಬೇರೆ ಇಡಬೇಕಾದರೆ ಇದಕ್ಕಿಂತ ಚೊಕ್ಕವಾದ ಜಾಗ ಇಲ್ಲ.

ಇನ್ನೊಂದು ವಿಷಯ ಹಲವರು ಮರೆಯುತ್ತಾರೆ. ನಟ ಮಲಗಿದ್ದರೆ ನೇರ ಮೇಲಿನ ದೀಪವೇ ಅವನ ಮುಖದ ದೀಪ. ಮಂಚದ ಮೇಲೆ ಮಲಗಿದ ರೋಗಿ, ಅಂಗಳದಲ್ಲಿ ಮಲಗಿಸಿದ ಹೆಣ, ಆಕಾಶ ನೋಡುತ್ತಾ ಬಿದ್ದುಕೊಂಡ ಹುಡುಗ, ಇವಕ್ಕೆಲ್ಲ ಕಣ್ಣು ಮುಚ್ಚಿ ಮೇಲಿಂದ ಕೊಡಿ. ತಲೆ ಬಗ್ಗಿಸಿ ಕೂತವನಿಗೂ ಸರಿ. ಅವನ ಮುಖ ಹೇಗೂ ನಮಗೆ ಬೇಡ, ಬಗ್ಗಿದ ಬೆನ್ನು ಬೇಕು.

ಬೆನ್ನ ಹಿಂದಿನ ಬೆಳಕು ಅಂದರೆ ನಟನ ಹಿಂದಿರುವ ಬಾರಿನಿಂದ (ಮೇಲೆ ದೀಪ ಕಟ್ಟುವ ಅಡ್ಡ ಕೊಳವೆ) ಮುಂದಕ್ಕೆ ಓರೆಯಾಗಿ ಇಳಿಯುವುದು. ಕೂದಲ ಅಂಚು, ಭುಜದ ಗೆರೆ ಹೊಳೆಯುತ್ತದೆ. ನನ್ನನ್ನು ಕೇಳಿದರೆ ನಮ್ಮ ತಂಡಗಳು ಇದನ್ನು ತುಂಬಾ ಕಡಿಮೆ ಬಳಸುತ್ತವೆ. ನಮ್ಮದು ಕಪ್ಪು ಕೂದಲು, ಹಿಂದೆ ಕಪ್ಪು ಪರದೆ. ಮುಂದಿನ ಲೈಟು ಎಷ್ಟೇ ಹಾಕಿ, ತಲೆಯ ಮೇಲುಭಾಗ ಪರದೆಯೊಳಗೆ ಕರಗಿ ಮುಖವೊಂದೇ ತೇಲುತ್ತಿರುತ್ತದೆ. ಹಿಂದಿನಿಂದ ಒಂದು ದೀಪ ಕೊಟ್ಟ ಕೂಡಲೇ ನಟ ಪರದೆ ಬಿಟ್ಟು ಎರಡು ಅಡಿ ಮುಂದೆ ಬಂದ ಹಾಗೆ ಕಾಣುತ್ತಾನೆ. ಬೆಳದಿಂಗಳಿಗೂ ಇದೇ ಜಾಗ. ಎಚ್ಚರ ಇಷ್ಟೇ, ದೀಪ ಜಾಸ್ತಿ ಓರೆಯಾದರೆ ಮೊದಲ ಸಾಲಿನವರ ಕಣ್ಣಿಗೆ ಹೊಡೆಯುತ್ತದೆ. ಒಮ್ಮೆ ಮೊದಲ ಸಾಲಿನಲ್ಲಿ ಕೂತು ನೋಡಿಬಿಡಿ.

ಮುಂದಿನ ಬಾರಿನಿಂದ ಸುಮಾರು 45 ಡಿಗ್ರಿಯಲ್ಲಿ ಬರುವ ಬೆಳಕು ಮುಖಕ್ಕೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದ ಸ್ಟಾನ್ಲಿ ಮೆಕ್‌ಕ್ಯಾಂಡ್ಲೆಸ್ 1930ರ ದಶಕದಲ್ಲಿ ಹಾಕಿಕೊಟ್ಟ ಲೆಕ್ಕ ಇದು. ಎಡದಿಂದ ಒಂದು, ಬಲದಿಂದ ಒಂದು, ಒಂದಕ್ಕೆ ಬೆಚ್ಚನೆಯ ಬಣ್ಣ, ಇನ್ನೊಂದಕ್ಕೆ ತಣ್ಣನೆಯದು. ಇವತ್ತಿಗೂ ಮುಖ ಕಾಣಿಸಲು ಎಲ್ಲರೂ ಶುರು ಮಾಡುವುದು ಅಲ್ಲಿಂದಲೇ. ಆದರೆ ಇದರಲ್ಲಿ ದುಂಡನೆಯ ಸ್ಪಾಟು ಸಿಗುವುದಿಲ್ಲ. ನೆಲದ ಮೇಲೆ ಮೊಟ್ಟೆಯ ಆಕಾರವಾಗಿ ಹಿಂದಕ್ಕೆ ಉದ್ದವಾಗುತ್ತದೆ. ನಟ ಪರದೆಗೆ ಹತ್ತಿರ ನಿಂತಿದ್ದರೆ ಅವನ ನೆರಳೂ ಅವನ ಜೊತೆ ನಟಿಸುತ್ತದೆ.

ನಿರ್ದೇಶಕರು ಕೇಳಿದ ಆ ಚಿತ್ರ ಇದೆಯಲ್ಲ, ಅದು ಒಂದು ದೀಪದಿಂದ ಆಗುವ ಕೆಲಸವೇ ಅಲ್ಲ. ನೇರ ಮೇಲಿಂದ ಒಂದು ದೀಪ ಜೋರಾಗಿ, ಅದೇ ಜಾಗಕ್ಕೆ ಮುಂದಿನಿಂದ ಇನ್ನೊಂದು ಸಣ್ಣಗೆ, ಡಿಮ್ಮರ್‌ನಲ್ಲಿ ನೂರಕ್ಕೆ 25–30ರಷ್ಟು. ಮೇಲಿನದು ವೃತ್ತ ಬರೆಯುತ್ತದೆ, ಮುಂದಿನದು ಕಣ್ಣು ತೆರೆಸುತ್ತದೆ. ನೋಡುವವರಿಗೆ ಮುಂದಿನದು ಇದೆ ಅಂತಲೇ ಗೊತ್ತಾಗಬಾರದು. ಹಾಗಾಗಿ ಸ್ಪಾಟ್ ಎಷ್ಟು ಬೇಕು ಅಂತ ಲೆಕ್ಕ ಹಾಕುವಾಗ ಒಂದೊಂದಕ್ಕೂ ಎರಡು ದೀಪ ಅಂತಲೇ ಬರೆದುಕೊಳ್ಳಿ. ನನ್ನ ರಾಜನಿಗೆ ಬೇಕಿದ್ದದ್ದೂ ಆ ಎರಡನೇ ದೀಪವೇ.

ನಮ್ಮ ಹಳಬರಿಗೆ ಇದು ಗೊತ್ತಿತ್ತೋ ಏನೋ. ದೊಂದಿ ಬೆಳಕಿನ ಯಕ್ಷಗಾನದಲ್ಲಿ ಬೆಳಕು ಬರುತ್ತಿದ್ದದ್ದು ಹೆಚ್ಚುಕಮ್ಮಿ ಮುಖದ ಎತ್ತರದಿಂದ. ಕಿರೀಟ ಎಷ್ಟು ದೊಡ್ಡದಿದ್ದರೂ ಅದರ ನೆರಳು ಮುಖದ ಮೇಲೆ ಬೀಳುತ್ತಿರಲಿಲ್ಲ. ಈಗ ಅದೇ ವೇಷವನ್ನು ಹಾಲ್‌ಗೆ ತಂದು ನೆತ್ತಿಯ ಮೇಲೆ ನಾಲ್ಕು ಪಾರ್ ಉರಿಸುತ್ತೇವೆ. ಎರಡು ಗಂಟೆ ಕೂತು ಬರೆದ ಬಣ್ಣ ಕೇದಗೆ ಮುಂದಲೆ ಅನ್ನುವ ತಲೆಯುಡುಗೆಯ ಕೆಳಗೆ ಮುಳುಗಿಹೋಗುತ್ತದೆ.

ನೆಲ ಯಾರಿಗೆ ಕಾಣುತ್ತದೆ?

ಯಾವ ದೀಪ ಅಂತ ಆಯ್ಕೆ ಮಾಡುವ ಮೊದಲು ಸುಮ್ನೆ ಒಂದು ಸಲ ಪ್ರೇಕ್ಷಕರ ಕುರ್ಚಿಯಲ್ಲಿ ಕೂತು ವೇದಿಕೆಯ ನೆಲ ನೋಡಿ. ಕಾಣುತ್ತದಾ?

ಊರಿನ ಶಾಲೆಯ ಹಾಲ್‌ಗಳಲ್ಲಿ ವೇದಿಕೆ ಮೂರು ನಾಲ್ಕು ಅಡಿ ಎತ್ತರ, ಕುರ್ಚಿಗಳು ಸಮತಟ್ಟು ನೆಲದಲ್ಲಿ. ಕೂತವರ ಕಣ್ಣಿಗೆ ವೇದಿಕೆಯ ಅಂಚು ಕಾಣುತ್ತದೆಯೇ ಹೊರತು ನೆಲ ಕಾಣುವುದಿಲ್ಲ. ಅಲ್ಲಿ ನೀವು ಬಿಟ್ಟ ದುಂಡು ವೃತ್ತ, ನೆಲದ ಮೇಲೆ ಹರಡಿದ ಎಲೆಗಳ ನೆರಳು, ಎಲ್ಲ ನಿಮಗೂ ಫ್ಯಾನಿಗೂ ಮಾತ್ರ. ಅಂಥ ಕಡೆ ಹೆಚ್ಚು ಬಾಡಿಗೆ ಕೊಟ್ಟು ಪ್ರೊಫೈಲ್ (ಚೂಪು ಅಂಚಿನ ವೃತ್ತ ಬೀಳಿಸುವ ದೀಪ) ತರುವ ಬದಲು ಆ ದುಡ್ಡನ್ನು ಹಿಂದಿನ ಮತ್ತು ಮುಂದಿನ ಬೆಳಕಿಗೆ ಹಾಕಿ.

1963ರಲ್ಲಿ ಶುರುವಾದ ರವೀಂದ್ರ ಕಲಾಕ್ಷೇತ್ರದಲ್ಲಿ ಬಾಲ್ಕನಿ ಇದೆ. ಅಲ್ಲಿ ಕೂತವರಿಗೆ ನಟನ ಹಿನ್ನೆಲೆ ಪರದೆಗಿಂತ ಜಾಸ್ತಿ ನೆಲವೇ. ನೇರ ಮೇಲಿನ ಬೆಳಕಿನ ಬಣ್ಣ ಅವರಿಗೆ ಇಡೀ ದೃಶ್ಯದ ಬಣ್ಣವಾಗುತ್ತದೆ. ಬೆಂಗಳೂರಿನ ಜೆ.ಪಿ. ನಗರದಲ್ಲಿ 2004ರಲ್ಲಿ ತೆರೆದ ರಂಗಶಂಕರದ ಕಥೆ ಇನ್ನೂ ಬೇರೆ. ವೇದಿಕೆಯ ಮೂರು ಕಡೆ ಪ್ರೇಕ್ಷಕರು. ಒಬ್ಬರಿಗೆ ಮುಂದಿನ ಬೆಳಕಾದದ್ದು ಇನ್ನೊಬ್ಬರಿಗೆ ಪಕ್ಕದ ಬೆಳಕು. ಎಲ್ಲರಿಗೂ ಒಂದೇ ಥರ ಕಾಣುವುದು ನೆತ್ತಿಯ ಮೇಲಿನದು ಮಾತ್ರ. ಅಲ್ಲಿ ಮೇಲಿನ ಸ್ಪಾಟಿಗೆ ಧಾರಾಳವಾಗಿ ಖರ್ಚು ಮಾಡಬಹುದು.

ಈಗ ದೀಪಗಳು

ನಮಗೆ ಸುಲಭವಾಗಿ ಸಿಗುವುದು ಪಾರ್. ಪಾರ್ 64 ಅಂತ ಹೇಳುತ್ತಾರಲ್ಲ, ಆ 64 ಅಂದರೆ ಬಲ್ಬಿನ ಅಗಲ, ಇಂಚಿನ ಎಂಟನೇ ಒಂದು ಭಾಗದ ಲೆಕ್ಕದಲ್ಲಿ. ಅಂದರೆ 8 ಇಂಚು. ಸಾಮಾನ್ಯವಾಗಿ 1000 ವ್ಯಾಟ್. ಅಂಚು ಒರಟು, ಬೆಳಕು ಜೋರು, ಕೆಡುವಂಥದ್ದೇನೂ ಒಳಗಿಲ್ಲ. ಬಲ್ಬೇ ಮುಚ್ಚಿದ ಡಬ್ಬಿಯ ಥರ ಇರುವುದರಿಂದ ಕೈಯಲ್ಲಿ ಮುಟ್ಟಿದರೂ ಪರವಾಗಿಲ್ಲ. ಮುಂದೆ ಹೇಳುವ ಫ್ರೆನೆಲ್ ಮತ್ತು ಪ್ರೊಫೈಲ್‌ಗಳ ಹ್ಯಾಲೋಜನ್ ಬಲ್ಬನ್ನು ಮಾತ್ರ ಬರಿಗೈಯಲ್ಲಿ ಮುಟ್ಟಬೇಡಿ. ಬೆರಳಿನ ಜಿಡ್ಡು ಕೂತ ಜಾಗ ಕಾದು ಗಾಜು ಉಬ್ಬುತ್ತದೆ, ಬಲ್ಬು ಹೋಗುತ್ತದೆ.

ಪಾರ್‌ನ ಬೆಳಕು ದುಂಡಗೆ ಬೀಳುವುದಿಲ್ಲ, ಮೊಟ್ಟೆಯಂತೆ ಬೀಳುತ್ತದೆ. ಇದು ಕೊರತೆ ಅಂತ ಹಲವರು ಅಂದುಕೊಂಡಿದ್ದಾರೆ. ಡಬ್ಬಿಯ ಹಿಂದೆ ಕೈಹಾಕಿ ಬಲ್ಬಿನ ಹೋಲ್ಡರ್ ತಿರುಗಿಸಿ ನೋಡಿ, ಮೊಟ್ಟೆಯೂ ತಿರುಗುತ್ತದೆ. ಮಂಚದ ಉದ್ದಕ್ಕೆ, ಬೆಂಚಿನ ಉದ್ದಕ್ಕೆ ಸರಿಯಾಗಿ ಕೂರಿಸಬಹುದು. ದೀಪ ಬಿಸಿ ಇರುವಾಗ ಮಾತ್ರ ಈ ಸಾಹಸ ಬೇಡ. ಬಾಡಿಗೆಗೆ ತರುವಾಗ ಬಲ್ಬಿನ ನಂಬರ್ ಕೇಳಿ. ಸಿಪಿ 60 ಕಿರಿದು, 61 ಮಧ್ಯಮ, 62 ಅಗಲ. ನೇರ ಮೇಲಿಂದ ಒಬ್ಬನ ಮೇಲೆ ಬಿಡಲು 60 ಅಥವಾ 61. ಇಡೀ ವೇದಿಕೆಗೆ ಬಣ್ಣ ಹರಡಲು 62.

ಫ್ರೆನೆಲ್‌ನ ಗಾಜಿನಲ್ಲಿ ಬಳೆ ಬಳೆಯಾಗಿ ಗೆರೆ ಇರುತ್ತದೆ. ಫ್ರಾನ್ಸಿನ ಫ್ರೆನೆಲ್ 1820ರ ದಶಕದಲ್ಲಿ ದೀಪಸ್ತಂಭಗಳಿಗೆ ಅಂತ ಮಾಡಿದ ಲೆನ್ಸಿನ ವಂಶ ಇದು. ಅಂಚು ಮೆತ್ತಗೆ, ಒಂದರ ಪಕ್ಕ ಒಂದು ಇಟ್ಟರೆ ಹೊಲಿಗೆ ಕಾಣುವುದಿಲ್ಲ. ಬಲ್ಬು ಹಿಂದೆ ಮುಂದೆ ಸರಿಸಿ ಹಿಗ್ಗಿಸಬಹುದು, ಕುಗ್ಗಿಸಬಹುದು. ಇಬ್ಬರು ಮಾತಾಡುತ್ತಾ ಓಡಾಡುವ ದೃಶ್ಯಕ್ಕೆ ಮೇಲಿಂದ ಫ್ರೆನೆಲ್ ಕೊಟ್ಟರೆ ಅವರು ಯಾವಾಗ ಒಳಗೆ ಬಂದರು, ಯಾವಾಗ ಹೊರಗೆ ಹೋದರು ಅಂತ ಎದ್ದು ಕಾಣುವುದಿಲ್ಲ. ಪಿಸಿ ಅಂತ ಕೆಲವರ ಹತ್ತಿರ ಇರುತ್ತದೆ. ಅದು ಫ್ರೆನೆಲ್‌ಗಿಂತ ಸ್ವಲ್ಪ ಚುರುಕು ಅಂಚು, ಅಷ್ಟೇ ವ್ಯತ್ಯಾಸ. ಎರಡರಲ್ಲಿ ಯಾವುದು ಸಿಕ್ಕರೂ ತಗೊಳ್ಳಿ.

ಚಾಕುವಿನಲ್ಲಿ ಕೊರೆದ ಹಾಗೆ ವೃತ್ತ ಬೇಕಾದರೆ ಪ್ರೊಫೈಲ್ ಬೇಕೇ ಬೇಕು. ನಾಲ್ಕು ಕಡೆ ಶಟರ್, ಅಂದರೆ ಬೆಳಕು ಕತ್ತರಿಸುವ ತಗಡು, ಇರುತ್ತದೆ. ಚೌಕ ಮಾಡಬಹುದು, ಬಾಗಿಲ ಆಕಾರ ಮಾಡಬಹುದು, ಗೋಬೋ (ಆಕಾರ ಕೊರೆದ ತಗಡು) ಹಾಕಿ ಕಿಟಕಿಯ ಸರಳು ಬೀಳಿಸಬಹುದು. 1992ರಲ್ಲಿ ಬಂದ ಸೋರ್ಸ್ ಫೋರ್ ಅನ್ನುವ ಮಾದರಿ 575 ವ್ಯಾಟಿನಲ್ಲೇ ಹಳೆಯ 1000 ವ್ಯಾಟಿನ ಪ್ರೊಫೈಲಿಗೆ ಹತ್ತಿರ ಹತ್ತಿರ ಬೆಳಕು ಕೊಟ್ಟದ್ದರಿಂದ ಈಗ ಪ್ರೊಫೈಲ್ ಅಂದರೆ ಬಹಳ ಕಡೆ ಅದೇ ಲೆಕ್ಕ. ಇದರಲ್ಲಿ ಆರಿಸಬೇಕಾದದ್ದು ಡಿಗ್ರಿ, ಅಂದರೆ ಬೆಳಕು ಎಷ್ಟು ಅಗಲಕ್ಕೆ ಹರಡುತ್ತದೆ ಅನ್ನುವುದು. ಇಲ್ಲಿ ಸ್ವಲ್ಪ ಗಣಿತ ಮಾಡೋಣ, ಯಾಕೆಂದರೆ ಜಾಸ್ತಿ ಜನ ಬೀಳುವ ಹಳ್ಳ ಇದೇ.

ದೀಪದ ಬಾಯಿಂದ ನೆಲಕ್ಕೆ ಎಷ್ಟು ಅಡಿ ಅಂತ ಅಳೆಯಿರಿ. 19 ಡಿಗ್ರಿಯ ಪ್ರೊಫೈಲ್ ಆದರೆ ಅದನ್ನು 0.33ರಿಂದ ಗುಣಿಸಿ. 26 ಆದರೆ 0.46. 36 ಆದರೆ 0.65. 50 ಆದರೆ 0.93. ಬಂದದ್ದು ನೆಲದ ಮೇಲಿನ ವೃತ್ತದ ಅಗಲ. 16 ಅಡಿ ಎತ್ತರದಲ್ಲಿ 26 ಡಿಗ್ರಿಯದು ಇದ್ದರೆ ನೆಲದಲ್ಲಿ ಸುಮಾರು ಏಳೂವರೆ ಅಡಿ. ಧಾರಾಳವಾಯಿತಲ್ಲ ಅನಿಸುತ್ತದೆ. ಆದರೆ ನಟನ ಮುಖ ನೆಲದಲ್ಲಿ ಇಲ್ಲ, ನೆಲದಿಂದ 5 ಅಡಿ ಮೇಲಿದೆ. ದೀಪಕ್ಕೂ ಮುಖಕ್ಕೂ ಇರುವ ದೂರ 11 ಅಡಿ. ಆ ಎತ್ತರದಲ್ಲಿ ಅದೇ ಬೆಳಕಿನ ಅಗಲ 5 ಅಡಿ ಮಾತ್ರ. ಅಂದರೆ ವೃತ್ತದ ಸುತ್ತಲೂ ಒಂದಡಿಗಿಂತ ಜಾಸ್ತಿ ಅಗಲದ ಒಂದು ಪಟ್ಟಿ ಇದೆ. ಅಲ್ಲಿ ನಿಂತವನ ಚಪ್ಪಲಿಗೆ ಬೆಳಕು, ತಲೆಗೆ ಕತ್ತಲು.

ನಟರು ಮಾಡುವುದು ಸರಿಯಾಗಿ ಅದನ್ನೇ. ಕೆಳಗೆ ನೋಡಿ, ವೃತ್ತದ ಅಂಚಿಗೆ ಕಾಲಿಟ್ಟು, ಬೆಳಕಿಗೆ ಬಂದೆ ಅಂದುಕೊಂಡು ಮಾತು ಶುರು ಮಾಡುತ್ತಾರೆ. ಆದ್ದರಿಂದ ತಾಲೀಮಿನಲ್ಲಿ ಸುಣ್ಣದ ಕಡ್ಡಿಯಲ್ಲಿ ಗುರುತು ಹಾಕುವಾಗ ನೆಲದ ವೃತ್ತ ಬರೆಯಬೇಡಿ, ಮುಖದ ವೃತ್ತ ಬರೆಯಿರಿ. 16 ಅಡಿಗೆ 26 ಡಿಗ್ರಿ ಅಂದರೆ 5 ಅಡಿಯದು. ಅಂಚಿಗೆ ಬಂದಾಗ ಬೆಳಕಿನ ಬಿಸಿ ಹಣೆಗೆ ತಾಗುತ್ತದೆ, ಅದನ್ನು ನಂಬು ಅಂತ ಹೊಸ ಹುಡುಗರಿಗೆ ಹೇಳಿ. ಹ್ಯಾಲೋಜನ್‌ಗೆ ಈ ಮಾತು ಚೆನ್ನಾಗಿ ನಡೆಯುತ್ತದೆ, ಎಲ್‌ಇಡಿಗೆ ಅಷ್ಟಾಗಿ ನಡೆಯುವುದಿಲ್ಲ.

ಬಾರ್ ತಗ್ಗಿದ್ದರೆ ತೊಂದರೆ ಇನ್ನೂ ಜಾಸ್ತಿ. 12 ಅಡಿಯಲ್ಲಿ 26 ಡಿಗ್ರಿ ಕಟ್ಟಿದರೆ ಮುಖದ ಮಟ್ಟದಲ್ಲಿ ಸಿಗುವುದು ಮೂರು ಅಡಿ ಚಿಲ್ಲರೆ. ನಟ ಕೈ ಚಾಚಿದರೆ ಕೈ ಮಾಯ. ಅಂಥಲ್ಲಿ 36 ಅಥವಾ 50 ಕೇಳಿ.

ಎಲ್‌ಇಡಿ ಬಂದ ಮೇಲೆ

ಈಗ ಕೇಳಿದರೂ ಕೇಳದಿದ್ದರೂ ಎಲ್‌ಇಡಿ ಪಾರ್ ತಂದುಬಿಡುತ್ತಾರೆ. ಬೇಡ ಅನ್ನುವವನು ನಾನಲ್ಲ. ಬಣ್ಣ ಬದಲಿಸಲು ಏಣಿ ಹತ್ತಬೇಕಿಲ್ಲ, ದೀಪದ ಮುಂದೆ ಹಾಕುವ ಬಣ್ಣದ ಹಾಳೆ, ಜಿಲೆಟಿನ್, ಸುಡುವುದಿಲ್ಲ, ಸೆಖೆ ಇಲ್ಲ. ಅದರಲ್ಲೂ ಗಾಢ ನೀಲಿಗೆ ಎಲ್‌ಇಡಿಯನ್ನು ಮೀರಿಸುವುದು ಕಷ್ಟ. ಹ್ಯಾಲೋಜನ್ ಮುಂದೆ ಕಾಂಗೋ ಬ್ಲೂ ಅನ್ನುವ ಗಾಢ ನೀಲಿ ಹಾಳೆ ಹಾಕಿದರೆ ನೂರಕ್ಕೆ ಎರಡು ಪಾಲು ಬೆಳಕೂ ಆಚೆ ಬರುವುದಿಲ್ಲ, ಉಳಿದದ್ದೆಲ್ಲ ಜಿಲೆಟಿನ್ ಕಾಯಿಸಲು ಖರ್ಚು. ರಾತ್ರಿಯ ದೃಶ್ಯಕ್ಕೆ ಹಿಂದಿನ ಬಾರಿನಲ್ಲಿ ನಾಲ್ಕು ಎಲ್‌ಇಡಿ ಇದ್ದರೆ ನೆಮ್ಮದಿ. ಆದರೆ ಗಾಢ ನೀಲಿಯಲ್ಲಿ ಕೆಂಪು ಕುಂಕುಮ ಕಪ್ಪಾಗಿ ಕಾಣುತ್ತದೆ. ಹಣೆ ಮುಖ್ಯವಾದ ದೃಶ್ಯವಾದರೆ ಮೊದಲೇ ನೋಡಿಕೊಳ್ಳಿ.

ಮುಖದ ಹತ್ತಿರ ಬಂದಾಗ ನನ್ನ ಮನಸ್ಸು ಹ್ಯಾಲೋಜನ್ ಕಡೆಗೇ. ಕೆಂಪು, ಹಸಿರು, ನೀಲಿ ಮೂರೇ ಬೆರೆಸಿ ಬಿಳಿ ಮಾಡುವ ಅಗ್ಗದ ಎಲ್‌ಇಡಿಯಲ್ಲಿ ನಮ್ಮ ಗೋಧಿ ಬಣ್ಣ, ಎಣ್ಣೆಗೆಂಪು ಬಣ್ಣ ಎರಡೂ ಬೂದಿ ಬಳಿದ ಹಾಗಾಗುತ್ತವೆ. ಬಿಳಿಗೆ ಅಂತಲೇ ಬೇರೆ ಬೆಚ್ಚನೆಯ ಎಲ್‌ಇಡಿ ಇರುವಂಥದ್ದು ಸಿಕ್ಕರೆ ವಾಸಿ. ಇನ್ನೊಂದು, ಆರಿಸುವ ಗಳಿಗೆ. ಹ್ಯಾಲೋಜನ್ ಇಳಿಯುತ್ತಾ ಇಳಿಯುತ್ತಾ ಕೆಂಪಾಗಿ, ಒಲೆಯ ಕೆಂಡದ ಹಾಗೆ ನಂದುತ್ತದೆ. ಅಗ್ಗದ ಎಲ್‌ಇಡಿ ಕೊನೆಯ ಮೆಟ್ಟಿಲಲ್ಲಿ ಪಟ್ ಅಂತ ಹೋಗಿಬಿಡುತ್ತದೆ. ನಾಟಕದ ಕೊನೆಯಲ್ಲಿ ನಿಧಾನವಾಗಿ ಕತ್ತಲಾಗುವ ಸ್ಪಾಟೊಂದು ಇದ್ದರೆ, ಅದೊಂದನ್ನು ಹ್ಯಾಲೋಜನ್‌ಗೆ ಬಿಡಿ.

ಮೂವಿಂಗ್ ಹೆಡ್, ಅಂದರೆ ಮೋಟಾರಿನಿಂದ ತಾನೇ ತಿರುಗುವ ದೀಪ, ಮೇಲಿದ್ದರೆ ಒಂದೇ ದೀಪ ಐದು ಕಡೆ ಸ್ಪಾಟು ಕೊಡುತ್ತದೆ. ಆಸೆ ಹುಟ್ಟುವುದು ಸಹಜ. ಆದರೆ ಫ್ಯಾನಿನ ಸದ್ದು ಕೇಳುತ್ತದೆ, ತೂಕ ಜಾಸ್ತಿ, ಪ್ರೋಗ್ರಾಮ್ ಮಾಡಲು ಹೊತ್ತು ಬೇಕು. ಬೆಳಿಗ್ಗೆ ಹಾಲ್ ಸಿಕ್ಕಿ ಸಂಜೆ ಪ್ರದರ್ಶನ ಮಾಡುವ ತಂಡಕ್ಕೆ ಆ ಹೊತ್ತು ಎಲ್ಲಿಂದ ಬರಬೇಕು? ಒಂದೂರಿನ ಹಾಲ್‌ನಲ್ಲಿ ಸಾವಿನ ದೃಶ್ಯದ ನಡುವೆ ಕರೆಂಟು ಹೋಯಿತು. ಜನರೇಟರ್ ಬಂತು. ಹ್ಯಾಲೋಜನ್ ಆಗಿದ್ದರೆ ಸುಮ್ಮನೆ ಹತ್ತಿಕೊಳ್ಳುತ್ತಿತ್ತು. ಎರಡು ಮೂವಿಂಗ್ ಹೆಡ್‌ಗಳು ರೀಸೆಟ್ ಆಗಲು ಶುರು ಮಾಡಿ ಕತ್ತು ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ತಿರುಗಿಸಿದವು. ಅಳುತ್ತಿದ್ದ ನಟಿಯೂ ನಕ್ಕುಬಿಟ್ಟಳು.

ಕರೆಂಟು ಮತ್ತು ಕಬ್ಬಿಣ

1000 ವ್ಯಾಟಿನ ಒಂದು ಪಾರ್ 230 ವೋಲ್ಟಿನಲ್ಲಿ ನಾಲ್ಕೂವರೆ ಆಂಪಿಯರ್‌ಗೆ ಹತ್ತಿರ ಎಳೆಯುತ್ತದೆ. 15 ಆಂಪಿಯರ್ ಪ್ಲಗ್ಗಿಗೆ ಮೂರು ದೀಪ, ಅದರ ಮೇಲೆ ಬೇಡ. ಹನ್ನೆರಡು ಪಾರ್ ಒಟ್ಟಿಗೆ ಉರಿದರೆ 50 ಆಂಪಿಯರ್ ದಾಟುತ್ತದೆ, ತ್ರೀ ಫೇಸ್ ಇಲ್ಲದೆ ಆಗುವುದಿಲ್ಲ. 54 ಸಣ್ಣ ಬಲ್ಬಿನ ಎಲ್‌ಇಡಿ ಪಾರ್ ಕಾಗದದ ಮೇಲೆ 162 ವ್ಯಾಟ್. ಹಾಲ್‌ನ ವೈರಿಂಗ್ ಹಳೆಯದಿದ್ದರೆ ಚರ್ಚೆ ಇಲ್ಲಿಗೇ ಮುಗಿಯುತ್ತದೆ, ಎಲ್‌ಇಡಿ ತನ್ನಿ.

1985ರಿಂದ ಊರೂರು ಸುತ್ತುತ್ತಿರುವ ನೀನಾಸಂ ತಿರುಗಾಟದಂಥ ತಂಡಗಳು ತಮ್ಮ ಲೈಟು ತಾವೇ ಹೊತ್ತೊಯ್ಯುತ್ತವೆ. ಹಾಗೆ ತಿರುಗುವವರಿಗೆ ಗೊತ್ತಿರುವ ಕಷ್ಟ, ಮೇಲೆ ಬಾರೇ ಇಲ್ಲದ ವೇದಿಕೆಗಳು. ಅಲ್ಲಿ ಶಾಮಿಯಾನದ ಗಳಕ್ಕೆ, ಸೀಲಿಂಗ್ ಫ್ಯಾನಿನ ಕೊಂಡಿಗೆ ದೀಪ ಕಟ್ಟುವ ಯೋಚನೆ ಬಿಟ್ಟುಬಿಡಿ. ಹಿಂದಿನ ಎರಡು ಮೂಲೆಯಲ್ಲಿ ಎತ್ತರದ ಸ್ಟ್ಯಾಂಡ್ ನಿಲ್ಲಿಸಿ, ಕಾಲಿಗೆ ಮರಳಿನ ಚೀಲ ಇಟ್ಟು, ಎರಡೂ ಕಡೆಯಿಂದ ಓರೆಯಾಗಿ ಬಿಡಿ. ದುಂಡು ಸ್ಪಾಟು ಸಿಗುವುದಿಲ್ಲ, ನಟ ಮಾತ್ರ ಚೆನ್ನಾಗಿ ಎದ್ದು ಕಾಣುತ್ತಾನೆ. ಬಾರ್ ಇದ್ದ ಕಡೆ ಒಂದೊಂದು ದೀಪಕ್ಕೂ ಕ್ಲ್ಯಾಂಪಿನ ಜೊತೆ ಸೇಫ್ಟಿ ಚೈನ್ ಬೇಕು. ಕೆಳಗೆ ನಿಲ್ಲುವುದು ನಿಮ್ಮ ತಂಡದ ಹುಡುಗನೇ ಅಲ್ವಾ.

ಎಂಟೇ ದೀಪ ಸಿಕ್ಕರೆ

ಸಣ್ಣ ತಂಡ, ಒಂದು ದಿನದ ಬಾಡಿಗೆ, ಎಂಟು ದೀಪ, ನೆಲ ಕಾಣುವ ಹಾಲ್ ಅಂತ ಇಟ್ಟುಕೊಳ್ಳೋಣ. ನಾನಾದರೆ ನಾಲ್ಕು ಫ್ರೆನೆಲ್ ಅಥವಾ ಪಿಸಿಯನ್ನು ಮುಂದಿನಿಂದ ಮುಖಕ್ಕೆ ಹಾಕುತ್ತೇನೆ. ಎರಡು ಎಲ್‌ಇಡಿ ಪಾರ್ ಹಿಂದಿನ ಬಾರಿನಿಂದ, ಬಣ್ಣಕ್ಕೂ ಅಂಚಿಗೂ. ಒಂದು ಪ್ರೊಫೈಲ್ ನಡುವೆ ನೇರ ಮೇಲಿಂದ. ಇನ್ನೊಂದು ಪ್ರೊಫೈಲ್ ಅದೇ ಜಾಗಕ್ಕೆ ಮುಂದಿನಿಂದ, ಸಣ್ಣಗೆ. ನೆಲ ಕಾಣದ ಹಾಲ್ ಆದರೆ ನೇರ ಮೇಲಿನ ಪ್ರೊಫೈಲನ್ನೂ ಹಿಂದಿನ ಬಾರಿಗೆ ಸರಿಸಿಬಿಡುತ್ತೇನೆ. ನಿರ್ದೇಶಕರು ಮೂರು ಕಡೆ ಸ್ಪಾಟ್ ಬೇಕು ಅಂದರೆ ಒಂದೊಂದಕ್ಕೆ ಎರಡರಂತೆ ಆರು ದೀಪ ಎಣಿಸಿ ತೋರಿಸಿ, ಉಳಿದ ಎರಡರಲ್ಲಿ ಇಡೀ ನಾಟಕ ಆಗುತ್ತದಾ ಅಂತ ಕೇಳುತ್ತೇನೆ. ಸಾಮಾನ್ಯವಾಗಿ ಮೂರು ಸ್ಪಾಟು ಒಂದಕ್ಕೆ ಇಳಿಯುತ್ತದೆ.

ಫೋಕಸ್ ಮಾಡುವಾಗ ಬೆಳಕಿನಡಿ ನಿಲ್ಲಲು ಕೈಗೆ ಸಿಕ್ಕವರನ್ನು ಕರೆಯಬೇಡಿ. ಆ ಪಾತ್ರದವನನ್ನೇ ಕರೆಯಿರಿ, ಇಲ್ಲದಿದ್ದರೆ ಅವನಷ್ಟೇ ಎತ್ತರದವನನ್ನು. ಪೇಟವೋ ಕಿರೀಟವೋ ತಲೆ ಮೇಲಿನ ಸೆರಗೋ ಇದ್ದರೆ ಅದನ್ನೂ ತರಿಸಿ. ಪ್ರಸಾಧನದವರು ಇಷ್ಟು ಬೇಗ ಯಾಕೆ ಅಂತ ಗೊಣಗುತ್ತಾರೆ, ಗೊಣಗಲಿ.